ಗಾಳಿಯಿಲ್ಲದ ನೆಲ, ಗಾಳಿ ಸಾಲದ ನೆಲ

ಮದ್ದೂರಿನ ತೆಂಗಿನ ತೋಟಗಳಲ್ಲಿ ಬಲಿತ ಕಾಯಿ ದೊಪ್ಪನೆ ನೆಲಕ್ಕೆ ಬೀಳುತ್ತದೆ. ಬದುವಿನ ಹೊಂಗೆಯ ಒಣ ಎಲೆಯೋ ತೂರಾಡುತ್ತ, ಅವಸರವಿಲ್ಲದೆ ಇಳಿಯುತ್ತದೆ. ಈ ವ್ಯತ್ಯಾಸ ಗಾಳಿಯದು. ಗಾಳಿಯೇ ಇಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಎರಡೂ ಏಕಕಾಲಕ್ಕೆ ನೆಲ ಮುಟ್ಟಿದವು.

ಅಂಥ ನೆಲದಲ್ಲಿ ಪ್ಯಾರಾಚೂಟ್ ಬರೀ ಬಟ್ಟೆ. ಆದ್ದರಿಂದಲೇ 2023ರ ಆಗಸ್ಟ್ 23ರಂದು ಚಂದ್ರಯಾನ–3ರ ವಿಕ್ರಮ್ ತನ್ನ ಗಂಟೆಗೆ ಸುಮಾರು 6,000 ಕಿಲೊಮೀಟರ್ ವೇಗವನ್ನು ಎಂಜಿನ್‌ಗಳ ಬಲದಿಂದಷ್ಟೇ ತಗ್ಗಿಸಿಕೊಳ್ಳಬೇಕಾಯಿತು. 2019ರ ಚಂದ್ರಯಾನ–2 ಕೊನೆಯ ಘಳಿಗೆಯಲ್ಲಿ ಸೋತಿತ್ತು. ಆ ಸೋಲನ್ನು ಮುಚ್ಚಿಡದೆ ಬಿಡಿಬಿಡಿಯಾಗಿ ಪರಿಶೀಲಿಸಿದ್ದರ ಫಲವೇ ಈ ಗೆಲುವು. ಮದ್ದೂರಿನವರು ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಬಿಡದಿಗೆ ಸಮೀಪದ ಬ್ಯಾಲಾಳಿನ ಬೃಹತ್ ಆಂಟೆನಾ ವಿಕ್ರಮ್‌ನ ಸಂಕೇತಗಳಿಗೆ ಕಿವಿಗೊಟ್ಟಿತ್ತು.

ಈಗ ಮಂಗಳನ ಮೇಲೂ ನೌಕೆ ಇಳಿಸುವ ಮಾತು ಇಸ್ರೊ ವಲಯದಲ್ಲಿ ಕೇಳಿಬರುತ್ತಿದೆ. ಸಂತೋಷ. ಆದರೆ ಚಂದ್ರನನ್ನು ಗೆದ್ದವರಿಗೆ ಮಂಗಳ ಮುಂದಿನ ಮೆಟ್ಟಿಲಷ್ಟೇ ಎಂಬ ಭಾವನೆ ತಪ್ಪು. ಅಲ್ಲಿನ ವಾಯುಮಂಡಲದ ಒತ್ತಡ ಭೂಮಿಯದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನೌಕೆಯನ್ನು ಸುಡಲು ಅಷ್ಟು ಗಾಳಿ ಸಾಕು, ನಿಲ್ಲಿಸಲು ಸಾಲದು! 2021ರಲ್ಲಿ ಅಮೆರಿಕದ ಪರ್ಸಿವಿಯರೆನ್ಸ್ ಮೊದಲು ಉಷ್ಣಕವಚ, ಬಳಿಕ 21.5 ಮೀಟರ್ ವ್ಯಾಸದ ಪ್ಯಾರಾಚೂಟ್, ಕಡೆಗೆ ರಾಕೆಟ್ ಎಂಜಿನ್, ಹೀಗೆ ಮೂರನ್ನೂ ನಂಬಬೇಕಾಯಿತು. ಅದು ನೆಲ ಮುಟ್ಟಿದ ಸುದ್ದಿಯನ್ನು ನಿಯಂತ್ರಣ ಕೊಠಡಿಯಿಂದ ಸಾರಿದವರು ಬೆಂಗಳೂರಿನಲ್ಲಿ ಹುಟ್ಟಿದ ಸ್ವಾತಿ ಮೋಹನ್. 2016ರಲ್ಲಿ ಯುರೋಪಿನ ಸ್ಕಿಯಾಪರೆಲ್ಲಿಯ ಗಣಕ ಮಾತ್ರ, ಪ್ಯಾರಾಚೂಟ್ ಬಿಚ್ಚಿದಾಗಿನ ತೂಗಾಟಕ್ಕೆ ಗಲಿಬಿಲಿಗೊಂಡು, ಇನ್ನೂ ಸುಮಾರು 3.7 ಕಿಲೊಮೀಟರ್ ಎತ್ತರದಲ್ಲಿರುವಾಗಲೇ ತಾನು ನೆಲ ಸೇರಿದ್ದೇನೆಂದು ಬಗೆಯಿತು. ಪ್ಯಾರಾಚೂಟ್ ಕಳಚಿತು, ನೌಕೆ ಅಪ್ಪಳಿಸಿತು.

ಪರ್ಸಿವಿಯರೆನ್ಸ್‌ನ ಪ್ಯಾರಾಚೂಟನ್ನು 2017–18ರಲ್ಲಿ ಮೂರು ಬಾರಿ ರಾಕೆಟ್ಟಿನಲ್ಲಿ ಮೇಲೇರಿಸಿ, ಗಾಳಿ ಮಂಗಳದಷ್ಟೇ ತೆಳುವಾಗಿರುವ ಎತ್ತರದಲ್ಲಿ ಬಿಚ್ಚಿ ನೋಡಲಾಗಿತ್ತು. ಇಂಥ ದಾರಿ ನಮಗೂ ಹೊಸದಲ್ಲ. 2022ರ ಸೆಪ್ಟೆಂಬರ್ 3ರಂದು ತುಂಬಾದಿಂದ ಪುಟ್ಟ ರೋಹಿಣಿ ರಾಕೆಟ್ಟಿನಲ್ಲಿ 84 ಕಿಲೊಮೀಟರ್ ಎತ್ತರಕ್ಕೆ ಹೋದ ಗಾಳಿ ತುಂಬುವ ವೇಗತಡೆ ಸಾಧನ ಉಬ್ಬಿಕೊಂಡು ಇಳಿಯುವ ವೇಗ ತಗ್ಗಿಸಿತು. ಚಂದ್ರಯಾನದ ಸಂಭ್ರಮದ ಮುಂದೆ ಆ ಸುದ್ದಿ ಹೆಚ್ಚಿನವರ ನೆನಪಿನಲ್ಲೂ ಉಳಿದಿಲ್ಲ. ಉಡಾವಣೆಯ ದಿನಾಂಕ ಕೇಳುವ ಮುನ್ನ ಸಂಸತ್ತು ಮತ್ತು ಸರ್ಕಾರ ಇಂಥ ಪರೀಕ್ಷೆಗಳಿಗೆ ಬೇಕಾದ ಹಣವನ್ನೂ ವರ್ಷಗಳನ್ನೂ ಒದಗಿಸಬೇಕು. ಅವುಗಳಲ್ಲಿ ಕೆಲವು ವಿಫಲವಾದರೆ ಇಸ್ರೊವನ್ನು ಕಟಕಟೆಗೆ ಎಳೆಯಬಾರದು.