ಗೌರಿಯ ಪಾಲಿಗೆ ಬಂದದ್ದು

ಈ ಸಲದ ಮಳೆಗಾಲದಲ್ಲಿ ವಾಣಿಯವರ ‘ಎರಡು ಕನಸು’ ಕಾದಂಬರಿಯನ್ನು ಮತ್ತೊಮ್ಮೆ ಓದಿ ಮುಗಿಸಿದೆ. ವಾಣಿ ಎಂಬುದು ಬಿ.ಎನ್. ಸುಬ್ಬಮ್ಮನವರ ಕಾವ್ಯನಾಮ. 1974ರಲ್ಲಿ ದೊರೈ-ಭಗವಾನ್ ಜೋಡಿ ಇದನ್ನು ಚಲನಚಿತ್ರವಾಗಿಸಿತು. ರಾಜಕುಮಾರ್, ಮಂಜುಳಾ, ಕಲ್ಪನಾ ಅಭಿನಯಿಸಿದ ಆ ಚಿತ್ರವೇ ಹಲವರ ನೆನಪಿನಲ್ಲಿದೆ.

ಕಥೆ ಸರಳವಾದುದು. ಬಂಧುಗಳ ಎರಡು ಮನೆಗಳ ನಡುವೆ ವೈಮನಸ್ಯ ಹುಟ್ಟಿ, ಪರಸ್ಪರ ಒಲಿದಿದ್ದ ರಾಮಚಂದ್ರ ಮತ್ತು ಲಲಿತೆ ಬೇರೆಯಾಗುತ್ತಾರೆ. ಅವನ ಕೈ ಹಿಡಿದ ಗೌರಿ ಗಂಡನ ಮನೆಯಲ್ಲಿದ್ದೂ ಅವನ ಮನಸ್ಸಿನ ಹೊರಗೇ ಉಳಿಯುತ್ತಾಳೆ.

ಬಿ.ಎಡ್. ಓದುತ್ತಿದ್ದ ದಿನಗಳಲ್ಲಿ ನಾನು ಇಂತಹ ಪುಸ್ತಕಗಳನ್ನು ‘ಕಣ್ಣೀರಿನ ಕಾದಂಬರಿ’ ಎಂದು ಹಳಿಯುತ್ತಿದ್ದೆ. ಹನೇಹಳ್ಳಿಯ ಯಶವಂತ ಚಿತ್ತಾಲರು ನಮ್ಮ ಕುಮಟಾ ತಾಲ್ಲೂಕಿನವರೆಂಬ ಜಂಬ ಬೇರೆ! ಮುಂದೆ ಮೇಷ್ಟ್ರಾದ ಮೇಲೆ, ಪಠ್ಯದ ನಡುವೆ ಬಚ್ಚಿಟ್ಟು ಓದುತ್ತಿದ್ದ ಹುಡುಗಿಯರ ಕೈಯಿಂದ ಅವನ್ನು ಕಸಿದುಕೊಂಡು ಉಪದೇಶ ಮಾಡಿದ್ದೂ ಉಂಟು.

ಆದರೆ ನಮ್ಮ ಮನೆಯಲ್ಲಿಯೇ ಇಂತಹ ಕಥೆ ನಡೆದಿತ್ತು. ಯಾಣದ ಸೋದರಮಾವನ ಮಗನಿಗೆ ನಮ್ಮ ಅಕ್ಕ ಎಂದು ಎರಡೂ ಮನೆಯವರು ಆಡಿಕೊಂಡಿದ್ದರು. ಅವರಿಬ್ಬರ ಮನಸ್ಸೂ ಅಲ್ಲಿಯೇ ಇತ್ತು. ಅಷ್ಟರಲ್ಲಿ ಕುಮಟೆಯ ಪೇಟೆಗೆ ಒಯ್ದ ಅಡಿಕೆಯ ಲೆಕ್ಕದಲ್ಲಿ ಅಪ್ಪಯ್ಯನಿಗೂ ಮಾವನಿಗೂ ಮಾತಿಗೆ ಮಾತು ಬೆಳೆಯಿತು. ಹೋಗುಬರುವಿಕೆ ನಿಂತಿತು. ಅಕ್ಕನನ್ನು ಘಟ್ಟದ ಮೇಲಿನ ಊರಿಗೆ ಕೊಟ್ಟರು. ಮುಂದಿನ ಶಿವರಾತ್ರಿಯಂದು ಯಾಣದ ಭೈರವೇಶ್ವರನ ಸನ್ನಿಧಿಯಲ್ಲಿ ಆಯಿ ತನ್ನ ಒಡಹುಟ್ಟಿದ ಅಣ್ಣನನ್ನು ಕಂಡೂ ಮಾತನಾಡದೆ, ತಲೆ ತಗ್ಗಿಸಿಕೊಂಡು ಬಂದಳು. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಎರಡು ವರ್ಷದ ಹಿಂದೆ ಮಾವನ ಮಗ ತೀರಿಕೊಂಡಾಗ ಯಾಣಕ್ಕೆ ಹೋಗಿದ್ದೆ. ಅತ್ತಿಗೆ ಜಗುಲಿಯಲ್ಲಿ ಕುಳಿತಿದ್ದರು. ಹೊರಡುವಾಗ ಮೆಲ್ಲಗೆ ಕೇಳಿದರು: “ತಮ್ಮಾ, ನಿಮ್ಮ ಮನೆಗೂ ನಮ್ಮ ಮನೆಗೂ ಜಗಳ ಯಾತಕ್ಕೆ ಬಂದಿತ್ತು? ನನಗೆ ಯಾರೂ ಹೇಳಲೇ ಇಲ್ಲ.” ಅಡಿಕೆಯ ಲೆಕ್ಕ ಎಂದೆ. ಅವರು ಸುಮ್ಮನಾದರು.

ಅಂದಿನಿಂದ ನನಗೆ ಗೌರಿಯದೇ ಯೋಚನೆ. ಇಂತಹ ಕಾದಂಬರಿಗಳಲ್ಲಿ ಭಾವುಕತೆ ಅತಿಯಾಯಿತೆಂಬ ವಿಮರ್ಶಕರ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ಹಿರಿಯರ ಹಟಕ್ಕೆ ಮನೆಯೊಳಗಿನ ಹೆಂಗಸು ತೆತ್ತ ಬೆಲೆಯನ್ನು ಈ ಲೇಖಕಿಯರಷ್ಟು ಹತ್ತಿರದಿಂದ ಕಂಡು ಬರೆದವರು ಕಡಿಮೆ. ತಪ್ಪು ಓದುಗರಾದ ನಮ್ಮದು. ಮುರಿದ ಮೊದಲ ಪ್ರೀತಿಗೆ ಅಳುತ್ತೇವೆ, ಗೌರಿಯ ಸಹನೆಯನ್ನು ಕೊಂಡಾಡುತ್ತೇವೆ. ಅಷ್ಟು ಸಹಿಸುವ ಪ್ರಮೇಯವನ್ನು ತಂದವರು ಯಾರೆಂದು ಕೇಳುವುದಿಲ್ಲ. ‘ಸಹನೆಯೇ ಹೆಣ್ಣಿಗೆ ಭೂಷಣ’ ಎಂದು ನಾನೂ ತರಗತಿಯಲ್ಲಿ ಹೇಳಿದವನೇ. ಈಗ ಹೇಳಲಾರೆ.

ಓದುಗ ಮಿತ್ರರೇ, ನಿಮ್ಮ ಮನೆಯಲ್ಲಿಯೂ ಇಂತಹ ಹಳೆಯ ಲೆಕ್ಕವೊಂದು ಉಳಿದಿದ್ದರೆ ನೀವೇ ಮುಂದಾಗಿ ಹೋಗಿ ಬನ್ನಿ. ಅದು ಆಗದಿದ್ದರೆ, ಜಗಳ ಯಾತಕ್ಕೆಂದಾದರೂ ಮನೆಗೆ ಬಂದ ಸೊಸೆಗೆ ಹೇಳಿ. ಪುಸ್ತಕವನ್ನು ಅಕ್ಕನಿಗೆ ಕಳುಹಿಸಬೇಕೆಂದಿದ್ದೆ. ಅತ್ತಿಗೆಗೇ ಕೊಟ್ಟು ಬರೋಣವೆಂದು ಯಾಣಕ್ಕೆ ಹೊರಟಿದ್ದೇನೆ.