ಬ್ರಾಹ್ಮಿ ಯಾವುದು ಚೇಚಿ?

ಪಕ್ಕದ ಮನೆ ಚೇಚಿಗೂ ನನಗೂ ಇಷ್ಟು ವರ್ಷಗಳಲ್ಲಿ ಜಗಳ ಆದದ್ದು ಒಂದೇ ಸಲ. ಅದೂ ಸೊಪ್ಪಿನ ವಿಷಯಕ್ಕೆ! ಮೊಮ್ಮಗಳ ಪರೀಕ್ಷೆ ಹತ್ತಿರ ಬಂತು, "ಸ್ವಲ್ಪ ಬ್ರಾಹ್ಮಿ ಇದ್ದರೆ ಕೊಡು ಮೋಳೇ" ಅಂತ ಬಂದರು. ನಾನು ಬಾವಿಕಟ್ಟೆ ಬದಿಯಿಂದ ಒಂದು ಹಿಡಿ ಒಂದೆಲಗ ಕಿತ್ತು ಕೊಟ್ಟೆ. ಅವರು ಮೂಗು ಮುರಿದು, "ಇದು ಮುತ್ತಿಳ್ ಅಲ್ವಾ, ಬ್ರಾಹ್ಮಿ ಎಲ್ಲಿ?" ಅಂದರು. ನಮ್ಮೂರಲ್ಲಿ ಇದೇ ಬ್ರಾಹ್ಮಿ ಅಂತ ನಾನು. ಹಾಗಾದರೆ ನಿಮ್ಮೂರಿನವರಿಗೆ ಗೊತ್ತಿಲ್ಲ ಅಂತ ಅವರು. ಮರುದಿನ ಎಲ್ಲಿಂದಲೋ ಸಣ್ಣ ದಪ್ಪ ಎಲೆಗಳ, ನೆಲಕ್ಕಂಟಿ ಹರಡುವ ಒಂದು ಗಿಡ ತಂದು ನನ್ನ ಜಗಲಿಯ ಮೇಲಿಟ್ಟು ಹೋದರು. ಅದು ಕೇರಳದ ಬ್ರಾಹ್ಮಿ.

ನಿಜ ಹೇಳಬೇಕೆಂದರೆ ಇಬ್ಬರೂ ಸರಿ. ಕೇರಳದಲ್ಲಿ ಬ್ರಾಹ್ಮಿ ಎಂದರೆ ಬಕೋಪಾ ಮೊನಿಯೇರಿ, ನಮ್ಮ ಕಡೆ ಬಹಳ ಮನೆಗಳಲ್ಲಿ ಬ್ರಾಹ್ಮಿ ಅನ್ನಿಸಿಕೊಳ್ಳುವ ಒಂದೆಲಗ ಸೆಂಟೆಲ್ಲಾ ಏಷ್ಯಾಟಿಕಾ. ಎರಡೂ ಒದ್ದೆ ನೆಲದ ಗಿಡಗಳು, ಎರಡನ್ನೂ ನೆನಪಿನ ಶಕ್ತಿಗೆ ಒಳ್ಳೆಯದು ಅನ್ನುತ್ತಾರೆ, ಆದರೆ ಸಂಬಂಧಿಗಳೂ ಅಲ್ಲ! ಸಸ್ಯೋದ್ಯಾನದ ಒಂದು ಫಲಕ ಈ ಜಗಳ ಒಂದು ನಿಮಿಷದಲ್ಲಿ ಬಗೆಹರಿಸುತ್ತದೆ. ಆದರೆ ಒಂದೆಲಗದ ತಂಬುಳಿಗೆ ಬೇರು ಸಮೇತ ಅರೆಯಬೇಕೋ, ಬರೀ ಎಲೆ ಸಾಕೋ ಅಂತ ಫಲಕ ಹೇಳುವುದಿಲ್ಲ. ಅದನ್ನು ಹೇಳುವವರು ಸಸ್ಯೋದ್ಯಾನಕ್ಕೆ ಟಿಕೆಟ್ ತೆಗೆದುಕೊಂಡು ಬಂದು, ಮುಟ್ಟಬೇಡಿ ಎಂಬ ಬೋರ್ಡ್ ಓದಿ, ಸುಮ್ಮನೆ ಸುತ್ತಿ ಹೋಗುತ್ತಾರೆ.

ಅದಕ್ಕೇ ನನ್ನ ವಾದ ಇಷ್ಟು: ಸಾರ್ವಜನಿಕ ಸಸ್ಯೋದ್ಯಾನಗಳು ಎರಡೇ ಎರಡು ಗುಂಟೆ ಜಾಗವನ್ನು ಔಷಧಿ ಗಿಡಗಳಿಗೆಂದು ಬಿಟ್ಟು, ಅದರ ಆರೈಕೆಯನ್ನು ಊರಿನ ಸ್ವಯಂಸೇವಕರಿಗೆ ವಹಿಸಬೇಕು. ಸಂಬಳದ ಮಾಲಿ ನೀರು ಹಾಕುತ್ತಾನೆ, ಕಳೆ ಕೀಳುತ್ತಾನೆ. ಕಳೆ ಅಂತ ಕಿತ್ತದ್ದು ನೆಲನೆಲ್ಲಿಯಾಗಿದ್ದರೆ? ಅಮೆರಿಕದಲ್ಲಿರುವ ಓದುಗರು ವಾಷಿಂಗ್ಟನ್ನಿನ ರಾಷ್ಟ್ರೀಯ ಆರ್ಬೊರೇಟಮ್ಮಿನಲ್ಲಿ 1980ರಲ್ಲಿ ತೆರೆದ ಮೂಲಿಕೆ ತೋಟ ನೋಡಿರಬಹುದು. ಅದರ ಹಿಂದೆ ನಿಂತದ್ದು ಹವ್ಯಾಸಿಗಳ ಒಂದು ಸಂಘ.

ಅಷ್ಟು ದೂರ ಯಾಕೆ, ಈ ಕೆಲಸದ ಮೇಲ್ಪಂಕ್ತಿ ನಮ್ಮ ಕೊಚ್ಚಿಯಲ್ಲೇ ಇದೆ. ಡಚ್ಚರ ಅಧಿಕಾರಿ ವಾನ್ ರೀಡ್ ಇಲ್ಲಿ ಕೂತು ಮಾಡಿಸಿದ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಗಿಡಗಳ ಗುಣ ಹೇಳಿದವರು ಚೇರ್ತಲ ಕಡೆಯ ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ವೈದ್ಯರು: ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಈ ಕೊಂಕಣಿಗರ ಹಿಂದಿನವರು ಗೋವೆಯಿಂದ ಬಂದು ನೆಲೆಸಿದವರು, ಅಂದರೆ ನಮ್ಮ ಹಾಗೆಯೇ ವಲಸೆ ಬಂದ ಜನ. ಪುಸ್ತಕದ ಚಿತ್ರಗಳ ಮೇಲೆ ಗಿಡದ ಹೆಸರು ರೋಮನ್, ಮಲಯಾಳಂ, ಅರಬ್ಬಿ, ನಾಗರಿ ಲಿಪಿಗಳಲ್ಲಿದೆ. ಮುನ್ನೂರೈವತ್ತು ವರ್ಷಗಳ ಹಿಂದೆ ಒಂದು ಗಿಡಕ್ಕೆ ಇಷ್ಟು ಹೆಸರು ಬರೆಯಲು ಆಗಿತ್ತು. ಇವತ್ತಿನ ಫಲಕದಲ್ಲಿ ಮುತ್ತಿಳ್ ಪಕ್ಕದಲ್ಲಿ ಒಂದೆಲಗ ಅಂತ ಬರೆಯಲು ಜಾಗವಿಲ್ಲವೇ? ಅಂದ ಹಾಗೆ, ಆ ಲ್ಯಾಟಿನ್ ಗ್ರಂಥವನ್ನು ದಶಕಗಳ ಕಾಲ ಬೆನ್ನಟ್ಟಿ ಇಂಗ್ಲಿಷಿಗೆ ತಂದವರು ಕೆ. ಎಸ್. ಮಣಿಲಾಲ್. 2003ರಲ್ಲಿ ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು, 2008ರಲ್ಲಿ ಮಲಯಾಳಂ ಆವೃತ್ತಿಯೂ ಬಂತು.

ಇನ್ನು ತಿರುವನಂತಪುರ ಜಿಲ್ಲೆಯ ಪಾಲೋಡಿನ ಸಸ್ಯೋದ್ಯಾನ, 1979ರಲ್ಲಿ ಶುರುವಾದದ್ದು. 1987ರಲ್ಲಿ ವಿಜ್ಞಾನಿಗಳು ಅಗಸ್ತ್ಯ ಬೆಟ್ಟ ಹತ್ತಿ ಸುಸ್ತಾಗಿದ್ದಾಗ, ದಾರಿ ತೋರಿಸಲು ಬಂದಿದ್ದ ಕಾಣಿ ಬುಡಕಟ್ಟಿನ ಯುವಕರು ಯಾವುದೋ ಸಣ್ಣ ಕಾಯಿ ಜಗಿಯುತ್ತಾ ಆರಾಮಾಗಿದ್ದರು. ಅದು ಆರೋಗ್ಯಪಚ್ಚ. ಅದರಿಂದ 'ಜೀವನಿ' ಎಂಬ ಔಷಧಿಯಾಯಿತು, ಸಂಸ್ಥೆಗೆ ಬಂದ ಹಣದಲ್ಲಿ ಅರ್ಧ ಕಾಣಿಗಳಿಗೆ ಅಂತ ತೀರ್ಮಾನವಾಗಿ 1997ರಲ್ಲಿ ಅವರ ಟ್ರಸ್ಟ್ ನೋಂದಣಿಯಾಯಿತು. ಜಗತ್ತೇ ಹೊಗಳಿದ ವ್ಯವಸ್ಥೆ. ಆದರೆ ಆ ಗಿಡ ಬೆಳೆಸಿ ಮಾರಲು ಹೋದ ಕಾಣಿಗಳಿಗೆ ಅರಣ್ಯ ಇಲಾಖೆಯ ತಡೆ ಎದುರಾಯಿತು. ಹಣದಲ್ಲಿ ಪಾಲು ಕೊಟ್ಟೆವು, ಗಿಡದ ಮೇಲೆ ಕೈ ಇಡಲು ಬಿಡಲಿಲ್ಲ. ನನಗೆ ಚುಚ್ಚುವುದು ಇದೇ.

ಸಸ್ಯವಿಜ್ಞಾನಿಗಳ ಭಯ ನನಗೆ ಅರ್ಥವಾಗುತ್ತದೆ. ಜನ ಕಿತ್ತುಕೊಂಡು ಹೋಗುತ್ತಾರೆ, ತಪ್ಪು ಗಿಡ ತಿಂದು ಆಸ್ಪತ್ರೆ ಸೇರುತ್ತಾರೆ. ಸುಳ್ಳಲ್ಲ. ನಮ್ಮ ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಕತ್ತಲಲ್ಲಿ ಹಾಲೆ ಮರದ ತೊಗಟೆ ಜಜ್ಜಿ ತರುತ್ತಾರಲ್ಲ, ಮರ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. (ನಾವು ಕಷಾಯ ಕುಡಿಯುವ ಆ ಮರ ಇಲ್ಲಿ ಏಳಿಲಂಪಾಲ. ಇಲ್ಲಿಯವರ ಕತೆಗಳಲ್ಲಿ ಅದರ ಮೇಲೆ ಯಕ್ಷಿ ಇರುತ್ತಾಳೆ!) ಆದರೆ ತಿಳಿಯದವರು ತಪ್ಪು ಮಾಡುತ್ತಾರೆ ಅಂತ ತಿಳಿದವರನ್ನೂ ಬೇಲಿಯ ಹೊರಗಿಟ್ಟರೆ ಹೇಗೆ? ತೋಟದಲ್ಲಿ ವಿಜ್ಞಾನಿ ಗುರುತಿಸಿಟ್ಟ ಮರ, ಪಕ್ಕದಲ್ಲಿ ಅದರ ತೊಗಟೆ ಕುಟ್ಟಿ ಗೊತ್ತಿರುವ ಒಬ್ಬ ಅಜ್ಜಿ ಇದ್ದರೆ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ. ಕೀಳುವುದಕ್ಕೂ ನಿಯಮ ಮಾಡಲಿ, ಆರೈಕೆ ಮಾಡಿದವರಿಗೆ ವಾರಕ್ಕೊಂದು ಹಿಡಿ ಅಂತ. ಒಂದೆಲಗ, ದೊಡ್ಡಪತ್ರೆಯಂಥವು ಕಿತ್ತಷ್ಟೂ ಚಿಗುರುತ್ತವೆ.

ಪಾಲೋಡು ನಮಗೆ ದೂರವಾಯಿತು. ಎರ್ನಾಕುಳಂನ ಸುಭಾಷ್ ಪಾರ್ಕಿನ ಒಂದು ಮೂಲೆ ಕೊಟ್ಟರೂ ಸಾಕು, ಭಾನುವಾರ ಭಾನುವಾರ ಹೋಗೋಣ ಅಂದೆ ಚೇಚಿಗೆ. ಭಾನುವಾರ ಪಳ್ಳಿಗೆ ಹೋಗಬೇಕು, ಶನಿವಾರ ಆದರೆ ಬರುತ್ತೇನೆ ಅಂದರು. ಆಮೇಲೆ ನನ್ನ ಒಂದೆಲಗದ ಪಾತಿ ಕಡೆ ನೋಡಿ, "ಆ ತಂಬುಳಿ ಅಂತೀಯಲ್ಲ, ಅದಕ್ಕೆ ತೆಂಗಿನಕಾಯಿ ಎಷ್ಟು ಹಾಕ್ತೀ?" ಅಂತ ಕೇಳಿದರು.