ಹೆಸರು ತಪ್ಪಿದ ಹುಳು



ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಒಂದು ನಮ್ಮನ್ನು ಬಹಳವಾಗಿ ಚಿಂತೆಗೀಡುಮಾಡಿತು. ಬರೆದವರು ಒಬ್ಬ ತಾಯಿ. ಅವರ ಹನ್ನೊಂದು ವರ್ಷದ ಮಗನಿಗೆ ಶಾಲೆಯಲ್ಲಿ ಮೂರ್ಛೆ ಬಂದಿತು. ವೈದ್ಯರು ತಲೆಯ ಸ್ಕ್ಯಾನ್ ಮಾಡಿಸಿ ನೋಡಿ, ಮಿದುಳಿನಲ್ಲಿ ಹಂದಿಯ ಲಾಡಿಹುಳುವಿನ ಗುಳ್ಳೆಯೊಂದಿದೆ ಎಂದರಂತೆ. ಅಂದಿನಿಂದ ಮನೆಯಲ್ಲಿ ನೆಮ್ಮದಿಯಿಲ್ಲ. ತಲೆತಲಾಂತರದಿಂದ ಮಾಂಸ ಸೋಂಕದ ಮನೆತನ. ಹುಡುಗ ಹೊರಗೆ ಎಲ್ಲಿ ತಿಂದ, ಯಾರು ತಿನ್ನಿಸಿದರು ಎಂದು ಹಿರಿಯರ ವಿಚಾರಣೆ. ತಿಂದಿಲ್ಲವೆಂದು ಹುಡುಗನ ಅಳು. ಮಗ ಸುಳ್ಳಾಡುತ್ತಿದ್ದಾನೆಯೋ, ವೈದ್ಯರು ತಪ್ಪು ಹೇಳಿದ್ದಾರೆಯೋ ತಿಳಿಸಿಕೊಡಬೇಕೆಂದು ಆ ತಾಯಿಯವರ ಕೋರಿಕೆ. ಇಬ್ಬರೂ ಸತ್ಯವನ್ನೇ ಹೇಳಿದ್ದಾರೆ ಎಂಬುದು ನಮ್ಮ ಉತ್ತರ. ಅದು ಹೇಗೆಂಬುದಕ್ಕೆ ಹುಳುವಿನ ಕುಲಗೋತ್ರವನ್ನು ಸ್ವಲ್ಪ ವಿಚಾರಿಸಬೇಕಾಗುತ್ತದೆ. ವಿಷಯ ಅಸಹ್ಯವೆನಿಸಿದರೂ ವಾಚಕರು ಓದುವುದನ್ನು ನಿಲ್ಲಿಸಬಾರದು.

ಲಾಡಿಹುಳು ಎಂಬ ನಮ್ಮ ಕನ್ನಡದ ಮಾತು ಬಹು ಸಾರ್ಥಕವಾದುದು. ಲಾಡಿಯಂತೆಯೇ ಅದು ಚಪ್ಪಟೆ, ಲಾಡಿಯಂತೆಯೇ ಉದ್ದ. ಟೀನಿಯಾ ಎಂಬ ಶಾಸ್ತ್ರೀಯ ನಾಮಕ್ಕೆ ಮೂಲವಾದ ಗ್ರೀಕ್ ಶಬ್ದಕ್ಕೂ ಪಟ್ಟಿ ಎಂದೇ ಅರ್ಥ. ಈ ಜೀವಿಗೆ ಬಾಯಿಯಿಲ್ಲ, ಜಠರವಿಲ್ಲ. ಆಶ್ರಯ ಕೊಟ್ಟ ಪ್ರಾಣಿಯ ಕರುಳಿನಲ್ಲಿ ಸಿದ್ಧವಾದ ಅನ್ನರಸವನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಗುಂಡುಸೂಜಿಯ ತಲೆಯಷ್ಟಿರುವ ತನ್ನ ತಲೆಯನ್ನು ಕರುಳಿನ ಗೋಡೆಗೆ ಅಂಟಿಸಿಕೊಂಡು, ಕುತ್ತಿಗೆಯಿಂದ ಖಂಡದ ಹಿಂದೆ ಖಂಡವನ್ನು ಹುಟ್ಟಿಸುತ್ತ ಬೆಳೆಯುತ್ತದೆ. ತುದಿಯ ಖಂಡಗಳು ತತ್ತಿಗಳಿಂದ ತುಂಬಿ, ಕಳಚಿ, ಮಲದೊಡನೆ ಹೊರಬೀಳುತ್ತವೆ.

ಸಸ್ತನಿಗಳನ್ನು ಕಾಡುವ ಲಾಡಿಹುಳುಗಳಲ್ಲಿ ಬಹುಪಾಲು ಸೈಕ್ಲೋಫಿಲಿಡಿಯಾ ಎಂಬ ಗಣಕ್ಕೆ ಸೇರಿದವು. ತಲೆಯ ಮೇಲೆ ನಾಲ್ಕು ಹೀರುಬಟ್ಟಲುಗಳಿರುವುದು ಆ ಗಣದ ಲಕ್ಷಣ. ಬಟ್ಟಲುಗಳ ಬದಲು ಎರಡು ಉದ್ದನೆಯ ಸೀಳುಗಳುಳ್ಳ ಇನ್ನೊಂದು ಗಣವುಂಟು. ಮೀನು ತಿನ್ನುವ ಕರಡಿ, ಸೀಲ್, ತಿಮಿಂಗಿಲ ಮತ್ತು ಮನುಷ್ಯ ಅದಕ್ಕೆ ಆಶ್ರಯ. ಈ ಎರಡನೆಯದನ್ನು ಪಂಡಿತರು ಬಹುಕಾಲ ಬೇರೊಂದು ದೊಡ್ಡ ಗಣದಲ್ಲಿ ಸೇರಿಸಿದ್ದರು. 2008ರಲ್ಲಿ ಆ ಗಣವನ್ನೇ ಒಡೆದು ಎರಡು ಮಾಡಿದರು.

ನಾಲ್ಕು ಬಟ್ಟಲಿನ ಗಣದೊಳಗೆ ಕುಟುಂಬಗಳು ಹಲವು. ಕುರಿ ಸಾಕುವವರು ಹಿಕ್ಕೆಯಲ್ಲಿ ಅನ್ನದ ಅಗುಳಿನಂಥ ಬಿಳಿಯ ತುಣುಕುಗಳನ್ನು ಕಂಡಿರುತ್ತಾರೆ. ಅವು ಮೊನೀಜಿಯಾ ಎಂಬ ಲಾಡಿಹುಳುವಿನ ಖಂಡಗಳು. ಹುಲ್ಲನ್ನಲ್ಲದೆ ಬೇರೇನನ್ನೂ ಮುಟ್ಟದ ಪ್ರಾಣಿಯ ಹೊಟ್ಟೆಗೆ ಇದು ಎಲ್ಲಿಂದ ಬಂದಿತೆಂಬುದು ಬಹುಕಾಲ ಬಿಡಿಸಲಾರದ ಒಗಟಾಗಿತ್ತು. ಹುಲ್ಲಿನ ಬುಡದ ಮಣ್ಣಿನಲ್ಲಿರುವ ಅತಿಸೂಕ್ಷ್ಮವಾದ ನುಸಿಗಳು ತತ್ತಿಯನ್ನು ತಿನ್ನುತ್ತವೆ, ಕುರಿ ಹುಲ್ಲಿನೊಡನೆ ನುಸಿಯನ್ನೂ ಮೇಯುತ್ತದೆ ಎಂಬುದನ್ನು 1937ರಲ್ಲಿ ಅಮೆರಿಕೆಯ ಸ್ಟಂಕಾರ್ಡ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಶಾಕಾಹಾರಿಯಾದ ಮಾತ್ರಕ್ಕೆ ಕುರಿಗೆ ರಕ್ಷಣೆ ದೊರೆಯಲಿಲ್ಲವೆಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು.

ಇನ್ನು ಟೀನಿಯಾ ಕುಟುಂಬ. ಇದರ ಹುಳು ಎರಡು ಮನೆಗಳಲ್ಲಿ ಬಾಳುತ್ತದೆ. ಒಂದು ಪ್ರಾಣಿಯ ಕರುಳಿನಲ್ಲಿ ಉದ್ದನೆಯ ಲಾಡಿಯಾಗಿಯೂ, ಇನ್ನೊಂದು ಪ್ರಾಣಿಯ ಮಾಂಸದಲ್ಲಿ ನೀರು ತುಂಬಿದ ಪುಟ್ಟ ಗುಳ್ಳೆಯಾಗಿಯೂ ಇರುತ್ತದೆ. ನೋಡಿದವರಿಗೆ ಎರಡೂ ಒಂದೇ ಎಂದು ತೋರುವ ಸಂಭವವೇ ಇಲ್ಲ. ಆದುದರಿಂದಲೇ 1808ರಿಂದ 1810ರ ಅವಧಿಯಲ್ಲಿ ಜರ್ಮನಿಯ ರುಡಾಲ್ಫಿ ಎಂಬ ಮಹಾಪಂಡಿತರು ಹೊಟ್ಟೆಹುಳುಗಳನ್ನು ಐದು ಗಣಗಳಾಗಿ ವಿಂಗಡಿಸಿದಾಗ ಲಾಡಿಹುಳುಗಳಿಗೆ ಒಂದು ಗಣ, ಗುಳ್ಳೆಹುಳುಗಳಿಗೆ ಸಿಸ್ಟಿಕಾ ಎಂಬ ಮತ್ತೊಂದು ಗಣ ಮಾಡಿದರು. ತಂದೆಯನ್ನು ಒಂದು ವಂಶದಲ್ಲಿ, ಮಗನನ್ನು ಇನ್ನೊಂದು ವಂಶದಲ್ಲಿ ಬರೆದಂತಾಯಿತು. ಎರಡರ ತಲೆಗಳೂ ಒಂದೇ ತೆರನಾಗಿವೆಯೆಂದು ಹದಿನೆಂಟನೆಯ ಶತಮಾನದಲ್ಲಿಯೇ ಕೆಲವರು ಕಂಡಿದ್ದರು. ದಾರಿ ತಪ್ಪಿ ಬಂದು ನೀರು ತುಂಬಿ ಕೆಟ್ಟುಹೋದ ಲಾಡಿಹುಳುವೇ ಗುಳ್ಳೆಹುಳು ಎಂದು ಹಲವರು ಸಮಾಧಾನಪಟ್ಟುಕೊಂಡರು.

ಕ್ಯೂಖೆನ್‌ಮೈಸ್ಟರ್ ಎಂಬ ಜರ್ಮನ್ ವೈದ್ಯರು ಇದನ್ನು ಒಪ್ಪಲಿಲ್ಲ. 1851ರಲ್ಲಿ ಮೊಲದ ದೇಹದ ಗುಳ್ಳೆಗಳನ್ನು ನರಿಗಳಿಗೆ ತಿನ್ನಿಸಿ, ಕರುಳಿನಲ್ಲಿ ಲಾಡಿಹುಳು ಬೆಳೆದುದನ್ನು ಕಂಡರು. ಬಳಿಕ ಮರಣದಂಡನೆಗೆ ಗುರಿಯಾದ ಒಬ್ಬ ಕೈದಿಯ ಆಹಾರದಲ್ಲಿ ಹಂದಿಯ ಗುಳ್ಳೆಗಳನ್ನು ಬೆರೆಸಿ, ಶಿಕ್ಷೆಯಾದ ಮೇಲೆ ಶವವನ್ನು ಸೀಳಿ ನೋಡಿದರು. ಎಳೆಯ ಲಾಡಿಹುಳುಗಳು ಸಿಕ್ಕವು. 1855ರಲ್ಲಿ ಇದನ್ನು ಪ್ರಕಟಿಸಿದರು. ಸಾಯಲಿರುವ ಮನುಷ್ಯನ ಅನ್ನದಲ್ಲಿ ಹೀಗೆ ಮಾಡಿದುದನ್ನು ನಮ್ಮ ಮನಸ್ಸು ಒಪ್ಪುವುದಿಲ್ಲ. ಆದರೆ ಅಂದಿನಿಂದ ಸಿಸ್ಟಿಕಾ ಎಂಬ ಗಣಕ್ಕೆ ಆಧಾರವೇ ಇಲ್ಲದಂತಾಯಿತು.

ಮನುಷ್ಯನ ಕರುಳಿನಲ್ಲಿ ಬೆಳೆಯುವ ಟೀನಿಯಾಗಳು ಮೂರು. 1758ರಲ್ಲಿ ಲಿನೇಯಸ್ ಹೆಸರಿಟ್ಟ ಸೋಲಿಯಂ, ಇದರ ಗುಳ್ಳೆ ಹಂದಿಯಲ್ಲಿ. 1782ರಲ್ಲಿ ಹೆಸರು ಪಡೆದ ಸ್ಯಾಜಿನೇಟಾ, ಇದರ ಗುಳ್ಳೆ ದನದಲ್ಲಿ. 1993ರಲ್ಲಿ ಬೇರೆಯೆಂದು ಗುರುತಿಸಿದ ಏಷಿಯಾಟಿಕಾ, ಇದರ ಗುಳ್ಳೆ ಹಂದಿಯ ಯಕೃತ್ತಿನಲ್ಲಿ. ಸೋಲಿಯಂನ ತಲೆಯಲ್ಲಿ ಎರಡು ಸಾಲು ಕೊಕ್ಕೆಗಳುಂಟು, ಸ್ಯಾಜಿನೇಟಾಕ್ಕೆ ಕೊಕ್ಕೆಯಿಲ್ಲ. ಈ ಮೂರಕ್ಕೂ ಪ್ರೌಢಾವಸ್ಥೆಯ ನಿಜವಾದ ಮನೆ ಮನುಷ್ಯನೊಬ್ಬನೇ. ಇವುಗಳ ಹತ್ತಿರದ ಬಂಧುಗಳು ಆಫ್ರಿಕೆಯ ಸಿಂಹ, ಕತ್ತೆಕಿರುಬಗಳಲ್ಲಿ ಇವೆಯೆಂದೂ, ಮನುಷ್ಯ ಹಂದಿ ದನಗಳನ್ನು ಸಾಕುವುದಕ್ಕೆ ಬಹುಪೂರ್ವದಲ್ಲಿಯೇ ಇವು ಮನುಷ್ಯನಿಗೆ ಅಂಟಿದ್ದುವೆಂದೂ 2001ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಎಂದರೆ ಹಂದಿ ನಮಗೆ ಈ ಹುಳುವನ್ನು ಕೊಡಲಿಲ್ಲ, ನಾವು ಹಂದಿಗೆ ಕೊಟ್ಟೆವು. ಅದನ್ನು ಹಂದಿಯ ಹುಳು ಎಂದು ಕರೆಯುವುದು ಬಡಪಾಯಿ ಪ್ರಾಣಿಗೆ ಮಾಡಿದ ಅನ್ಯಾಯ.

ಈ ಹೆಸರಿನಿಂದಲೇ ಮನೆಗಳಲ್ಲಿ ಅನರ್ಥವಾಗುತ್ತಿದೆ. ಗುಳ್ಳೆಯುಳ್ಳ ಹಂದಿಯ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅವನಿಗೆ ಅನೇಕ ವೇಳೆ ಅದರ ಅರಿವೂ ಇರುವುದಿಲ್ಲ. ಮಿದುಳಿನ ಗುಳ್ಳೆ ಮಾಂಸದಿಂದ ಬರುವುದಲ್ಲ, ತತ್ತಿಯಿಂದ ಬರುವುದು. ತತ್ತಿ ಬರುವುದು ಲಾಡಿಹುಳುವುಳ್ಳ ಮನುಷ್ಯನ ಮಲದಿಂದ. ಬಯಲಿನಲ್ಲಿ ಬಿದ್ದುದು ಮಳೆನೀರಿನೊಡನೆ ಬಾವಿಗೆ, ಹೊಲಕ್ಕೆ, ತೋಟದ ಕಾಯಿಪಲ್ಲೆಗೆ ಸೇರುತ್ತದೆ. ಶೌಚದ ನಂತರ ಸಾಬೂನಿನಿಂದ ತೊಳೆಯದ ಕೈಯಿಂದ ನೇರವಾಗಿ ಅನ್ನಕ್ಕೂ ಬೀಳುತ್ತದೆ. ನುಂಗಿದ ತತ್ತಿ ಕರುಳಿನಲ್ಲಿ ಒಡೆದು, ರಕ್ತದ ಮೂಲಕ ಸ್ನಾಯು, ಕಣ್ಣು, ಮಿದುಳುಗಳನ್ನು ಸೇರಿ ಗುಳ್ಳೆಯಾಗುತ್ತದೆ. ಜೋಳದ ರೊಟ್ಟಿಯ ಜೊತೆಗೆ ಹಕ್ಕರಿಕೆ, ಮೆಂತ್ಯೆ, ಮೂಲಂಗಿ, ಗಜ್ಜರಿಗಳನ್ನು ಹಸಿಯಾಗಿಯೇ ತಿನ್ನುವುದು ನಮ್ಮ ಉತ್ತರದ ಸೀಮೆಯ ಸೊಗಸು. ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಶುದ್ಧವಾದ ಹರಿಯುವ ನೀರಿನಲ್ಲಿ ಎಲೆ ಎಲೆಯಾಗಿ ಉಜ್ಜಿ ತೊಳೆಯಬೇಕು, ಅನುಮಾನವಿದ್ದರೆ ಬೇಯಿಸಬೇಕು.

ಹಂದಿಯ ಮಾಂಸವನ್ನು ಧರ್ಮನಿಷೇಧವೆಂದು ಎಂದೂ ಮುಟ್ಟದ ನ್ಯೂಯಾರ್ಕಿನ ಸಂಪ್ರದಾಯಸ್ಥ ಯೆಹೂದ್ಯರಲ್ಲಿಯೂ ಇದು ಕಾಣಿಸಿಕೊಂಡಿತು. 1990–91ರಲ್ಲಿ ಪರಸ್ಪರ ಸಂಬಂಧವಿಲ್ಲದ ನಾಲ್ವರಿಗೆ ಮಿದುಳಿನ ಗುಳ್ಳೆಯಾದುದನ್ನು ಅಲ್ಲಿನ ವೈದ್ಯರು 1992ರಲ್ಲಿ ವರದಿ ಮಾಡಿದರು. ಈ ಹುಳು ಹೆಚ್ಚಾಗಿರುವ ದೇಶಗಳಿಂದ ಮನೆಗೆಲಸಕ್ಕೆ ಬಂದವರಿಂದ ತತ್ತಿ ಬಂದಿರಬೇಕೆಂದು ನಿರ್ಣಯವಾಯಿತು. ಇದನ್ನು ಓದಿ ಕೆಲಸದವರನ್ನು ಶಂಕಿಸತೊಡಗಬೇಡಿರಿ. ಹುಳುವುಳ್ಳವರು ಅಪರಾಧಿಗಳಲ್ಲ, ರೋಗಿಗಳು. ಅಡಿಗೆ ಮಾಡುವವರು ಮನೆಯವರಾಗಲಿ, ಹೊರಗಿನವರಾಗಲಿ, ಮಲಪರೀಕ್ಷೆ ಎಲ್ಲರಿಗೂ ಒಂದೇ.

ನಮ್ಮ ನೆರೆಯ ವೆಲ್ಲೂರಿನಲ್ಲಿಯೂ ಇಂಥದೇ ಒಂದು ಹೆಸರಿನ ಪ್ರಸಂಗ ನಡೆದಿದೆ. ಮೂರ್ಛೆ ಬಂದವರ ಸ್ಕ್ಯಾನಿನಲ್ಲಿ ಕಾಣುವ ಒಂಟಿ ಸಣ್ಣ ಗಂಟನ್ನು ನಮ್ಮ ದೇಶದ ವೈದ್ಯರು ಬಹುವಾಗಿ ಕ್ಷಯದ ಗಡ್ಡೆಯೆಂದೇ ತಿಳಿದು, ತಿಂಗಳುಗಟ್ಟಲೆ ಕ್ಷಯದ ಔಷಧ ಕೊಡುತ್ತಿದ್ದರು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಅಂಥ ಗಂಟುಗಳನ್ನು ಹೊರತೆಗೆದು ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ಈ ಹುಳುವಿನ ಗುಳ್ಳೆಗಳೆಂದು 1989ರಲ್ಲಿ ಪ್ರಕಟಿಸಿದರು. ಇಂಥ ಒಂಟಿ ಗುಳ್ಳೆ ಅನೇಕರಲ್ಲಿ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಕರಗುವುದುಂಟು. ಅಷ್ಟರವರೆಗೆ ಮೂರ್ಛೆ ತಡೆಯುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ಕೊಡಬೇಕು. ಹುಡುಗನನ್ನು ಶಾಲೆ ಬಿಡಿಸಬೇಕಾಗಿಲ್ಲ. ಕೆರೆಬಾವಿಯಲ್ಲಿ ಈಜಲು, ಎತ್ತರಕ್ಕೆ ಹತ್ತಲು ಮಾತ್ರ ಬಿಡಬಾರದು.

ಒಂದು ಎಚ್ಚರ ಉಳಿದಿದೆ. ಹುಳುವಿನ ಮಾತ್ರೆ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆಂದು ಮೂರ್ಛೆ ಬರುವವರಿಗೆ ತಾವೇ ತಂದು ಕೊಡಬಾರದು. ಮಿದುಳಿನೊಳಗಿನ ಗುಳ್ಳೆ ಔಷಧದಿಂದ ಸಾಯುವಾಗ ಸುತ್ತಲೂ ಬಾವು ಬಂದು ಮೂರ್ಛೆ ಹೆಚ್ಚುವ ಭಯವುಂಟು. ಕಣ್ಣಿನಲ್ಲಿ ಗುಳ್ಳೆಯಿದ್ದರೆ ದೃಷ್ಟಿಗೇ ಅಪಾಯ. ಆದುದರಿಂದ ವೈದ್ಯರು ಮೊದಲು ಸ್ಕ್ಯಾನ್ ಮತ್ತು ಕಣ್ಣಿನ ಪರೀಕ್ಷೆ ಮಾಡಿಸುತ್ತಾರೆ, ಬಾವು ತಗ್ಗಿಸುವ ಔಷಧವನ್ನು ಜೊತೆಗೂಡಿಸುತ್ತಾರೆ, ಆಮೇಲೆ ಹುಳುವಿನ ಮಾತ್ರೆ ಬೇಕೋ ಬೇಡವೋ ಎಂದು ನಿರ್ಧರಿಸುತ್ತಾರೆ.